ನೈದಿಲೆ ಹುಡುಕಿಕೊಂಡು ಕುಟ್ಟನಾಡಿಗೆ

ಮೊದಲ ದಿನ: ಘಾಟಿ ಇಳಿದು ಕೋಳಿಕ್ಕೋಡು

ಈ ಪ್ರವಾಸ ಶುರುವಾಗಿದ್ದು ಒಂದು ಫೋಟೋದಿಂದ. ಅಕ್ಕನ ಮಗ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಿದ್ದಾನೆ. ಅವನಿಗೆ ಓದಿಗಿಂತ ಅಕ್ವೇರಿಯಂ ಹುಚ್ಚು ಜಾಸ್ತಿ. ಒಂದು ರಾತ್ರಿ ಊಟಕ್ಕೆ ಕೂತಾಗ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಗದ್ದೆಗಳ ನಡುವೆ ಒಂದು ತೋಡು. ಅದರ ತುಂಬಾ ತಿಳಿಗುಲಾಬಿ ಹೂವು. ನೀರೇ ಕಾಣುತ್ತಿಲ್ಲ.

"ಚಿಕ್ಕಮ್ಮ, ಇದು ಕೇರಳದ ಆವಳ ಪಾಂಡಿ. 2020ರಲ್ಲಿ ವೈರಲ್ ಆಗಿತ್ತಲ್ಲ, ಅದೇ. ಈ ಗಿಡ ನನ್ನ ತೊಟ್ಟಿಯಲ್ಲೂ ಇದೆ!"

ಚೆನ್ನಾಗಿದೆ ಅಂದೆ. ಆಮೇಲೆ ನಿದ್ದೆ ಬರಲಿಲ್ಲ. ನಮ್ಮೂರ ಕೆರೆ ನೆನಪಾಯಿತು. ನಂಜನಗೂಡು ಕಡೆಯ ಸಣ್ಣ ಊರು ನಮ್ಮದು. ಗೌರಿ ಹಬ್ಬದ ಹಿಂದಿನ ದಿನ ಅಪ್ಪ ಎದೆಮಟ್ಟ ನೀರಿಗಿಳಿದು ನೈದಿಲೆ ಕಿತ್ತು ತರುತ್ತಿದ್ದರು. ಉದ್ದ ದಂಟನ್ನು ಒಂದು ಕಡೆ ಸಿಪ್ಪೆ ಬಿಡಿಸಿ ಮುರಿಯುತ್ತಾ ಹೋದರೆ ಹೂವೇ ಪದಕ, ದಂಟೇ ಸರ. ಈಗ ಆ ಕೆರೆಯಲ್ಲಿ ನೈದಿಲೆ ಇಲ್ಲ. ದಡದಿಂದ ದಡಕ್ಕೆ ನೇರಳೆ ಹೂವಿನ ಕಳೆ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ಊರಲ್ಲಿ ಅದಕ್ಕೆ ಅಂತರಗಂಗೆ ಅಂತಲೇ ಅನ್ನುತ್ತಾರೆ. ನಿಜವಾದ ಅಂತರಗಂಗೆ ಬೇರೆ, ಎಲೆಕೋಸಿನ ಹಾಗೆ ತೇಲುವ ಗಿಡ. ಆದರೆ ಈಗ ಕೆರೆ ಮುಚ್ಚುವ ಎಲ್ಲದಕ್ಕೂ ಅದೊಂದೇ ಹೆಸರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಹೊರಗಿನ ಕಳೆ ಊರಿನ ಗಿಡವನ್ನು ಹೇಗೆ ಓಡಿಸುತ್ತದೆ ಅಂತ ಮಕ್ಕಳಿಗೆ ಎರಡು ಸಾಲು ಬರೆಸುತ್ತೇನೆ. ಕಣ್ಣಾರೆ ನಿಂತು ನೋಡಿದ್ದಿಲ್ಲ. ದಸರಾ ರಜೆ ಹತ್ತಿರ ಇತ್ತು. ಜನ ಮೈಸೂರಿಗೆ ಬರುವ ಹೊತ್ತಿಗೆ ನಾವು ಮೈಸೂರು ಬಿಟ್ಟೆವು.

ಬೆಳಿಗ್ಗೆಯ ಬಸ್ಸು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನ ರಸ್ತೆ ಬಂದ್ ಇರುತ್ತದೆ, ಹಾಗಾಗಿ ಹಗಲೇ ವಾಸಿ. ಗುಂಡ್ಲುಪೇಟೆಯಲ್ಲಿ ಕಾಫಿ. ನಮ್ಮ ಯಜಮಾನರು ಅದೇ ಊರಿನವರು. ಹೂವು, ತರಕಾರಿ ವ್ಯಾಪಾರಕ್ಕೆ ಬರುವ ಮಲಯಾಳಿಗಳ ಜೊತೆ ಬೆಳೆದು ಮಲಯಾಳ ಅರ್ಧಂಬರ್ಧ ಕಲಿತಿದ್ದಾರೆ. ಪೂರ್ತಿ ಬರುತ್ತದೆ ಅಂತ ಅವರ ನಂಬಿಕೆ. ಮುತ್ತಂಗ, ಬತ್ತೇರಿ, ಕಲ್ಪೆಟ್ಟ ದಾಟಿ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವು ಇಳಿಯುವಾಗ ಹುಡುಗ ವಾಂತಿ ಮಾಡಿಕೊಂಡ. ಕೋಳಿಕ್ಕೋಡಿನಲ್ಲಿ ಸಂಜೆ ಹಲ್ವ ತಿಂದ ಮೇಲೆ ಸರಿಹೋದ.

ಎರಡನೇ ದಿನ: ಆವಳ ಪಾಂಡಿ

ಪೇರಾಂಬ್ರಕ್ಕೆ ಬಸ್ಸು, ಅಲ್ಲಿಂದ ಆಟೋ. ಆಟೋದವನಿಗೆ ಎಲ್ಲಿಗೆ ಅಂತ ಹೇಳಿದ ಕೂಡಲೇ ನಕ್ಕ. "ಹೂವು ಇಲ್ಲ, ಪರವಾಗಿಲ್ವಾ?"

ಹೂವು ನಿಜವಾಗಿಯೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಗುಲಾಬಿ ಚುಕ್ಕೆ, ಅಷ್ಟೇ. ಫೋಟೋ ವೈರಲ್ ಆಗಿದ್ದು ನವೆಂಬರ್‌ನಲ್ಲಿ. ನಾವು ಬಂದಿದ್ದು ಅಕ್ಟೋಬರ್ ಮೊದಲ ವಾರ. ಹುಡುಗನ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿ. ಹೂವಿದ್ದಿದ್ದರೆ ಕೆಳಗಡೆ ನೋಡುತ್ತಲೇ ಇರಲಿಲ್ಲ.

ತೋಡಿನ ಅಂಚಿನಲ್ಲಿ ಕೂತು ನೀರಿಗೆ ಕೈ ಹಾಕಿದೆ. ಕೈ ಒಳಗೆ ಹೋಗಲಿಲ್ಲ. ಒದ್ದೆ ಹತ್ತಿಯ ಹಾಸಿಗೆಗೆ ಕೈ ತೂರಿಸಿದ ಹಾಗಿತ್ತು. ಇದು ಕಬೊಂಬ. ದಕ್ಷಿಣ ಅಮೆರಿಕದ ಕಡೆಯ ಗಿಡ. ಬೇರು ಕೆಸರಿನಲ್ಲಿ, ದಂಟು ಮತ್ತು ನರಿಬಾಲದಂಥ ಎಲೆಗಳೆಲ್ಲ ನೀರಿನ ಒಳಗೆ, ಹೂವು ಮಾತ್ರ ಹೊರಗೆ. ಇಲ್ಲಿಯವರು ಇದಕ್ಕೆ ಮುಳ್ಳನ್ ಪಾಯಲ್ ಅನ್ನುತ್ತಾರೆ. ಪಾಯಲ್ ಅಂದರೆ ಪಾಚಿ.

ಒಂದು ದಂಟು ಎಳೆದೆ. ಪಟ್ಟನೆ ಎರಡು ಗೆಣ್ಣಿನಷ್ಟು ಮುರಿದು ಬಂತು. ಉಳಿದ ಚೂರುಗಳು ತೇಲಿಕೊಂಡು ಮುಂದಕ್ಕೆ ಹೋದವು. ಈ ಗಿಡದ ಬುದ್ಧಿ ಇರುವುದೇ ಈ ಪಟ್ಟನೆ ಮುರಿಯುವುದರಲ್ಲಿ. ಪ್ರತಿ ಚೂರೂ ಹೊಸ ಗಿಡ. ಯಂತ್ರ ಹಾಕಿ ಕತ್ತರಿಸಿದರೆ ಬಿತ್ತನೆ ಮಾಡಿಕೊಟ್ಟಂತೆ.

ಪಕ್ಕದ ಬದುವಿನ ಮೇಲೆ ಒಬ್ಬ ಹಿರಿಯರು ಹುಲ್ಲು ಕೊಯ್ಯುತ್ತಿದ್ದರು. ಯಜಮಾನರು ಮಲಯಾಳ ಶುರು ಮಾಡಿದರು. ಅವರು ಪಾಪ, ಕೇಳಿ ಕೇಳಿ ಸಾಕಾಗಿ ಕನ್ನಡದಲ್ಲೇ ಮಾತಾಡಿದರು. ಮಡಿಕೇರಿಯ ಕಾಫಿ ತೋಟದಲ್ಲಿ ದುಡಿದವರಂತೆ.

"ಆ ವರ್ಷ ಜನ ಅಂದ್ರೆ ಜನ. ಕೊರೋನ ಇತ್ತು, ಆದ್ರೂ ಬಂದ್ರು. ಕೈತುಂಬಾ ಕಿತ್ಕೊಂಡು ಮನೆಗೆ ತಗೊಂಡು ಹೋದ್ರು. ನಮ್ಗೆ ಇದು ಹೂವಲ್ಲ. ನೀರು ಹರಿಯಲ್ಲ, ಗದ್ದೆಗೆ ನುಗ್ತದೆ."

ಮೊದಲು ಏನಿತ್ತು ಅಂತ ಕೇಳಿದೆ. ಆಂಬಲ್ ಇತ್ತು ಅಂದರು. ಆಂಬಲ್ ಅಂದರೆ ನಮ್ಮ ನೈದಿಲೆ. ನೀರೊಳಗಿನ ಬೇರೆ ಹುಲ್ಲುಗಳೂ ಇದ್ದವಂತೆ. ಹೆಸರು ಹೇಳಿದರು, ನನಗೆ ಹಿಡಿಯಲಿಲ್ಲ. ನನ್ನ ಊಹೆ, ಹೈಡ್ರಿಲ್ಲಾದಂಥವು ಇರಬೇಕು.

ಕಬೊಂಬದ ಕುಸ್ತಿ ಒಳಮನೆಯದು. ಅದು ನೀರಿನ ಮಧ್ಯದ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಕೆಸರಿನಿಂದ ಆಗತಾನೇ ಮೇಲೇಳುವ ಎಳೆ ಗಿಡಕ್ಕೆ ಬೆಳಕು ಸಿಗುವುದಿಲ್ಲ. ಹೂವಿನ ಕಾಲ ಮುಗಿದು ರಾಶಿ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ. ಮೀನಿಗೂ ಕಷ್ಟ.

ಹೈಡ್ರಿಲ್ಲಾ ಹೆಸರು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ಅದು ನಮ್ಮ ಕಡೆಯ ಸಾದಾ ಗಿಡ, ಕಾಲೇಜಿನ ಲ್ಯಾಬಿನಲ್ಲಿ ಗುಳ್ಳೆ ಎಣಿಸಲು ತರುವ ಗಿಡ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ಹೋಯಿತು. ಅಲ್ಲಿ ಅದೇ ದೊಡ್ಡ ಪಿಡುಗು. ಅದನ್ನು ತಿನ್ನಲು ನಮ್ಮ ಕಡೆಯ ಒಂದು ಪುಟ್ಟ ನೊಣವನ್ನು ಒಯ್ದು 1987ರಲ್ಲಿ ಬಿಟ್ಟರು. ಗಿಡ ಕೆಟ್ಟದ್ದು ಅಂತ ಹೇಳೋದು ಕಷ್ಟ. ಊರು ಬಿಟ್ಟು, ತನ್ನನ್ನು ತಿನ್ನುವವರನ್ನೆಲ್ಲ ಹಿಂದೆ ಬಿಟ್ಟು ಬಂದ ಗಿಡ ಕೆಡುತ್ತದೆ, ಅಷ್ಟೇ.

ವಾಪಸು ಆಟೋ ಹತ್ತುವಾಗ ಹುಡುಗನ ಬಾಟಲಿಯ ನೀರು ಹಸಿರಾಗಿ ಕಂಡಿತು. ತೆಗೆದು ನೋಡಿದರೆ ನಾಲ್ಕು ದಂಟು ಕಬೊಂಬ.

"ನನ್ನ ಹತ್ರ ಇರೋದಕ್ಕಿಂತ ಇದರ ಕೆಂಪು ಚೆನ್ನಾಗಿದೆ ಚಿಕ್ಕಮ್ಮ. ತೊಟ್ಟಿಯಿಂದ ಆಚೆ ಹೋಗಲ್ಲ."

"ತೊಟ್ಟಿ ನೀರು ಬದಲಾಯಿಸ್ತೀಯಲ್ಲ, ಎಲ್ಲಿ ಚೆಲ್ತೀಯ?"

ಅವನು ಉತ್ತರ ಹೇಳಲಿಲ್ಲ. ನಮ್ಮ ಮನೆಯ ಹಿಂದಿನ ಮೋರಿಗೆ ಚೆಲ್ಲುತ್ತಾನೆ. ನಾನೇ ಎಷ್ಟೋ ಸಲ ಬಕೆಟ್ ಎತ್ತಿಕೊಟ್ಟಿದ್ದೇನೆ. ಬಾಟಲಿಯನ್ನು ಬಿಸಿ ಡಾಂಬರಿನ ಮೇಲೆ ಬಗ್ಗಿಸಿದೆ. ಆಟೋದವನು ಮತ್ತೆ ನಕ್ಕ.

ಮೂರನೇ ದಿನ: ರೈಲಿನಲ್ಲಿ ಒಂದು ತಪ್ಪು ಹೆಸರು

ಕೋಳಿಕ್ಕೋಡಿನಿಂದ ಕೋಟ್ಟಯಂಗೆ ರೈಲು. ದಿನದ ಬಹುಪಾಲು ಅದರಲ್ಲೇ ಹೋಯಿತು. ಕಿಟಕಿಯಾಚೆ ತೆಂಗು, ಹೊಳೆ, ತೆಂಗು, ಹೊಳೆ. ರೈಲು ಹಳಿಯ ಪಕ್ಕದ ಒಂದೊಂದು ಹೊಂಡವೂ ಹಸಿರು. ಒಂದರಲ್ಲಿ ನೇರಳೆ ಹೂವಿನ ಕಳೆ. ಇನ್ನೊಂದರಲ್ಲಿ ಸಣ್ಣ ಮಡಚಿದ ಎಲೆಗಳ ಕಂಬಳಿ. ಆ ಕಂಬಳಿಯನ್ನು ಇಲ್ಲಿ ಆಫ್ರಿಕನ್ ಪಾಯಲ್ ಅನ್ನುತ್ತಾರೆ. ಅದು ಆಫ್ರಿಕದ್ದಲ್ಲ, ಬ್ರೆಜಿಲ್‌ನದು. ಪುಸ್ತಕದ ಹೆಸರು ಸಾಲ್ವಿನಿಯಾ.

ಹೆಸರಿನ ವಿಷಯದಲ್ಲಿ ನಾವೂ ಕಡಿಮೆ ಇಲ್ಲ. ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಅಂತೀವಿ. ಕೇರಳದಲ್ಲಿ ಇನ್ನೊಂದು ಕಳೆಗೆ ಕಮ್ಯುನಿಸ್ಟ್ ಪಚ್ಚ ಅನ್ನುತ್ತಾರೆ. ಯಾರ ಮೇಲೆ ಸಿಟ್ಟೋ ಅವರ ಹೆಸರು.

ಆದರೆ ಸಾಲ್ವಿನಿಯಾದ ಕಥೆಯಲ್ಲಿ ಹೆಸರು ತಪ್ಪಿದ್ದು ತಮಾಷೆಯಾಗಿ ಉಳಿಯಲಿಲ್ಲ. ಹುಡುಗನಿಗೆ ಇದನ್ನು ಹೇಳುತ್ತಾ ಹೋದೆ. ಯಜಮಾನರು ಗೊರಕೆ ಹೊಡೆಯುತ್ತಿದ್ದರು.

ಕೇರಳದಲ್ಲಿ ಇದನ್ನು ಮೊದಲು ಕಂಡಿದ್ದು 1955ರಲ್ಲಿ, ತಿರುವನಂತಪುರದ ವೇಳಿ ಕೆರೆಯಲ್ಲಿ. 1964ರ ಹೊತ್ತಿಗೆ ಪಿಡುಗಾಗಿತ್ತು. ಆಫ್ರಿಕದಲ್ಲಿ ಜಾಂಬೆಜಿ ನದಿಗೆ ಅಡ್ಡ ಕಟ್ಟಿದ ಕರಿಬ ಜಲಾಶಯದಲ್ಲಿ ಇನ್ನೂ ಬೇಗ ಹರಡಿತು. 1959ರಲ್ಲಿ ಕಾಣಿಸಿಕೊಂಡಿದ್ದು ಮೂರ‍್ನಾಲ್ಕು ವರ್ಷದಲ್ಲಿ ಸುಮಾರು 1,000 ಚದರ ಕಿಲೋಮೀಟರ್ ಮುಚ್ಚಿತು. ಎಲ್ಲರೂ ಅದನ್ನು ಮೊದಲೇ ಗೊತ್ತಿದ್ದ ಒಂದು ಜಾತಿ ಅಂತ ತಿಳಿದಿದ್ದರು. ಅದರ ದಾಯಾದಿ ಗಿಡಗಳ ಮೇಲೆ ಸಿಕ್ಕ ಹುಳುಗಳನ್ನು ತಂದು ಬಿಟ್ಟು ನೋಡಿದರು. ಹೆಚ್ಚು ಪ್ರಯೋಜನ ಆಗಲಿಲ್ಲ. 1972ರಲ್ಲಿ ಮಿಚೆಲ್ ಅನ್ನುವವರು ಇದು ಬೇರೆಯೇ ಜಾತಿ ಅಂತ ತೋರಿಸಿ ಸಾಲ್ವಿನಿಯಾ ಮೊಲೆಸ್ಟಾ ಅಂತ ಹೆಸರಿಟ್ಟರು. ಹೆಸರು ಸರಿಯಾದ ಮೇಲೆ ತವರು ಹುಡುಕಿದರು. 1978ರಲ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಸಿಕ್ಕಿತು. ಆ ಗಿಡವನ್ನು ತಿನ್ನುವ ಜೀರುಂಡೆಯೂ ಅಲ್ಲೇ ಸಿಕ್ಕಿತು. ಮೂತಿ ಉದ್ದ, ಮೈ ಕಪ್ಪು, ಬರೀ 2 ಮಿಲಿಮೀಟರ್.

"ಆ ಹುಳಕ್ಕೂ ಮೊದಲು ತಪ್ಪು ಹೆಸರೇ ಇಟ್ಟಿದ್ರು, ಗೊತ್ತಾ?" ಅಂದೆ. ಅದರ ಈಗಿನ ಹೆಸರು ಬಂದಿದ್ದು 1985ರಲ್ಲಿ. ಅಷ್ಟರಲ್ಲಿ ಅದು ಕೆಲಸ ಮುಗಿಸಿಯೂ ಆಗಿತ್ತು. ಆಸ್ಟ್ರೇಲಿಯಾದ ಮೌಂಟ್ ಐಸಾ ಊರಿನ ಹತ್ತಿರ ಮೂಂಡಾರ ಅಂತ ಒಂದು ಜಲಾಶಯ. 1980ರಲ್ಲಿ ಅಲ್ಲಿ ಸುಮಾರು 1,500 ಜೀರುಂಡೆ ಬಿಟ್ಟರು. ಒಂದು ವರ್ಷ ಚಿಲ್ಲರೆ ತಿಂಗಳಲ್ಲಿ 200 ಹೆಕ್ಟೇರ್ ಕಳೆ, ತೂಕದಲ್ಲಿ 18,000 ಟನ್, ಮುಳುಗಿಹೋಯಿತು.

"ಹುಳ ಆಮೇಲೆ ಏನು ತಿನ್ನುತ್ತೆ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಏನೂ ತಿನ್ನುವುದಿಲ್ಲ. ಸಾಲ್ವಿನಿಯಾ ಬಿಟ್ಟರೆ ಅದಕ್ಕೆ ಊಟ ಇಲ್ಲ. ಕಳೆ ಕಡಿಮೆಯಾದರೆ ಹುಳವೂ ಕಡಿಮೆ.

ಅಷ್ಟರಲ್ಲಿ ಪಳಂಪೊರಿ ಬಂತು. ನೇಂದ್ರ ಬಾಳೆಯ ಬಜ್ಜಿ. ಯಜಮಾನರಿಗೆ ತಕ್ಷಣ ಎಚ್ಚರ.

ನಾಲ್ಕನೇ ದಿನ: ಮಲರಿಕ್ಕಲ್‌ನ ಬೆಳಗು

ಬೆಳಿಗ್ಗೆ ಐದೂವರೆಗೆ ಕೋಟ್ಟಯಂ ಬಿಟ್ಟೆವು. ಮಲರಿಕ್ಕಲ್ ಹತ್ತಿರವೇ. ಗದ್ದೆಗಳ ನಡುವಿನ ಸಣ್ಣ ಊರು. ಇಲ್ಲಿನ ನೈದಿಲೆ ರಾತ್ರಿ ಅರಳುತ್ತದೆ. ಬಿಸಿಲೇರಿ ಹತ್ತು ಗಂಟೆಯಾದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಈ ಅವಸರ.

ಹೂವಿನ ಕಾಲ ಇಲ್ಲಿ ಮುಗಿಯುತ್ತಾ ಬಂದಿತ್ತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದಿದ್ದರೆ ಎಕರೆಗಟ್ಟಲೆ ಗುಲಾಬಿ ಕಂಬಳಿ ಇರುತ್ತಿತ್ತಂತೆ. ನಮಗೆ ಸಿಕ್ಕಿದ್ದು ಅದರ ತುದಿ. ಆದರೂ ಸಾಕಾಯಿತು. ದೋಣಿ ಮಂಜಿನೊಳಗೆ ನುಗ್ಗುವಾಗ ಎರಡೂ ಕಡೆ ಕೆಂಪು ನೈದಿಲೆ. ಒಂದು ಹೂವಿನ ದಂಟು ಹಿಡಿದು ಬೆರಳಾಡಿಸಿದೆ. ಅದೇ ನಯ, ಅದೇ ತಂಪು. ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. "ಸರ ಮಾಡ್ಕೊಡ್ಲೇನೆ?" ಅಂತ ಯಜಮಾನರು ಕೇಳಿದರು. ಅವರಿಗೆ ಬರುವುದಿಲ್ಲ, ಸುಮ್ನೆ ಕೇಳಿದ್ದು.

ದೋಣಿ ನಡೆಸುವ ಚೇಟ್ಟನಿಗೆ ನನ್ನ ಭಾವುಕತೆ ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ನೈದಿಲೆಯೂ ಒಂದು ಕಳೆ. ಕೊಯ್ಲು ಆದ ಮೇಲೆ ಗದ್ದೆಗೆ ನೀರು ತುಂಬುತ್ತದೆ. ಕೆಸರಿನೊಳಗೆ ಮಲಗಿದ್ದ ಗೆಡ್ಡೆ ಚಿಗುರಿ ಮೇಲೆ ಬರುತ್ತದೆ. ಬಿತ್ತನೆಗೆ ಮುಂಚೆ ಪಂಪ್ ಹಾಕಿ ನೀರು ತೆಗೆಯುತ್ತಾರೆ, ಉಳುತ್ತಾರೆ, ಹೂವು ಮಣ್ಣಾಗುತ್ತದೆ. ಮತ್ತೆ ಮುಂದಿನ ವರ್ಷ ಏಳುತ್ತದೆ. "ಇನ್ನು ಸ್ವಲ್ಪ ದಿನಕ್ಕೆ ಇದೆಲ್ಲ ಇರಲ್ಲ" ಅಂದರು. ಬೇಜಾರೇನೂ ಇರಲಿಲ್ಲ ದನಿಯಲ್ಲಿ.

ಗದ್ದೆಯ ಏರಿಯಾಚೆ ಕಾಲುವೆ. ಅಲ್ಲಿ ಒಂದೇ ಒಂದು ನೈದಿಲೆ ಇಲ್ಲ! ಪೂರ್ತಿ ಪೋಳ. ನೇರಳೆ ಹೂವಿನ ಕಳೆಗೆ ಇಲ್ಲಿನ ಹೆಸರು ಅದು. ಕುಳವಾಳ ಅಂತಲೂ ಅನ್ನುತ್ತಾರೆ, ಕೊಳದ ಬಾಳೆ ಅಂತ ಅರ್ಥ. ಏರಿಯ ಈ ಕಡೆ ನೈದಿಲೆ, ಆ ಕಡೆ ಪೋಳ. ನಡುವೆ ನಾಲ್ಕು ಹೆಜ್ಜೆ ಮಣ್ಣು. ನೀರು ಒಂದೇ, ಬಿಸಿಲು ಒಂದೇ. ಏರಿಯ ಮೇಲೆ ಕೂತು ಎರಡೂ ಕಡೆ ನೋಡುತ್ತಾ ಹೋದೆ. ಪಾಠದಲ್ಲಿ ಬರೆಸುವ ಎರಡು ಸಾಲು ಎಷ್ಟು ಬಡವು ಅನ್ನಿಸಿತು.

ನೈದಿಲೆಯ ಬದುಕು ಕೆಳಗಿನಿಂದ ಶುರುವಾಗುತ್ತದೆ. ಗೆಡ್ಡೆ ಕೆಸರಿನಲ್ಲಿ. ಎಳೆ ಎಲೆ ಸುರುಳಿ ಸುತ್ತಿಕೊಂಡು ಕತ್ತಲಿನಿಂದ ಹತ್ತಿ ಬರಬೇಕು. ಮೇಲೆ ಬಂದು ಬಿಚ್ಚಿಕೊಂಡರೆ ಮಾತ್ರ ಬೆಳಕು. ಬೆಳಕಷ್ಟೇ ಅಲ್ಲ, ಗಾಳಿ ಕೂಡ. ದಂಟಿನೊಳಗೆ ಉದ್ದಕ್ಕೂ ಕೊಳವೆಗಳಿವೆ. ಎಲೆ ಎಳೆದುಕೊಂಡ ಗಾಳಿ ಆ ಕೊಳವೆಗಳಲ್ಲಿ ಇಳಿದು ಕೆಸರಿನ ಗೆಡ್ಡೆಗೆ ಉಸಿರು ಕೊಡುತ್ತದೆ. ಎಲೆಗೆ ಮೇಲೆ ಜಾಗ ಸಿಗದಿದ್ದರೆ ಗೆಡ್ಡೆ ಉಸಿರುಗಟ್ಟುತ್ತದೆ.

ಪೋಳಕ್ಕೆ ಹತ್ತುವ ಕಷ್ಟವೇ ಇಲ್ಲ. ಅದು ಹುಟ್ಟುವುದೇ ಮಾಳಿಗೆಯ ಮೇಲೆ. ಎಲೆಯ ತೊಟ್ಟು ಬಲೂನಿನ ಹಾಗೆ ಉಬ್ಬಿ ತೇಲಿಸುತ್ತದೆ. ಬೇರು ನೀರಿನಲ್ಲೇ ಜೋತಾಡಿ ಊಟ ಹೀರುತ್ತದೆ. ಪಕ್ಕಕ್ಕೆ ಒಂದು ಬಳ್ಳಿ ಚಾಚಿ ಮರಿ ಹಾಕುತ್ತದೆ. ಬಿಸಿಲು, ಗೊಬ್ಬರ ಎರಡೂ ಚೆನ್ನಾಗಿದ್ದರೆ ಒಂದೆರಡು ವಾರದಲ್ಲಿ ಇದ್ದಷ್ಟು ಎರಡರಷ್ಟಾಗುತ್ತದೆ. ಕಬೊಂಬ ಒಳಮನೆಗೆ ಹತ್ತಿ ತುಂಬಿದರೆ, ಪೋಳ ಮನೆಯ ಮೇಲೆ ಚಾವಣಿ ಹಾಕುತ್ತದೆ. ಚಾವಣಿಯ ಕೆಳಗೆ ನೀರಿನ ಹುಲ್ಲು, ಪಾಚಿ ಎಲ್ಲ ಕತ್ತಲಲ್ಲಿ ಸಾಯುತ್ತವೆ.

ಹಾಗಾದರೆ ಗದ್ದೆಯೊಳಗೆ ನೈದಿಲೆ ಹೇಗೆ ಉಳಿಯಿತು? ಇದು ನನ್ನ ಲೆಕ್ಕ, ತಪ್ಪಿದ್ದರೂ ಇರಬಹುದು. ಗದ್ದೆ ಪ್ರತಿ ವರ್ಷ ಒಣಗುತ್ತದೆ. ನೀರು ಹೋದರೆ ತೇಲುವವರಿಗೆ ನೆಲೆ ಇಲ್ಲ, ಕೆಸರಿನ ಮೇಲೆ ಬಿದ್ದು ಒಣಗುತ್ತಾರೆ. ನೈದಿಲೆ ಗೆಡ್ಡೆಯಾಗಿ ಒಳಗೆ ಮಲಗುತ್ತದೆ. ಪೋಳದ ಬೀಜ ಕೂಡ ಕೆಸರಿನಲ್ಲಿ ಹದಿನೈದಿಪ್ಪತ್ತು ವರ್ಷ ಬದುಕಬಲ್ಲದು, ನಿಜ. ಆದರೆ ನೀರು ಬಂದ ಮೇಲೆ ಓಟ ಶುರುವಾಗುವಾಗ ಇಬ್ಬರೂ ನೆಲದಿಂದಲೇ ಹೊರಡಬೇಕು. ಆ ಓಟದಲ್ಲಿ ಗೆಡ್ಡೆಗೆ ಕೂಡಿಟ್ಟ ಗಂಟು ಇದೆ. ಪುಟ್ಟ ಬೀಜಕ್ಕೆ ಇಲ್ಲ.

"ನಮ್ಮೂರ ಕೆರೆ ಬೇಸಿಗೆಯಲ್ಲಿ ಒಣಗ್ತಿತ್ತು ಅಲ್ವಾ?" ಅಂತ ಯಜಮಾನರಿಗೆ ಹೇಳಿದೆ. ಏಪ್ರಿಲ್‌ನಲ್ಲಿ ಅದರ ಅಂಗಳದಲ್ಲಿ ನಾವು ಕ್ರಿಕೆಟ್ ಆಡುತ್ತಿದ್ದೆವು. ಈಗ ವರ್ಷವಿಡೀ ನೀರಿದೆ. ಊರಿನ ಚರಂಡಿಯೆಲ್ಲ ಅಲ್ಲಿಗೇ ಬರುತ್ತದೆ. ಕೆರೆ ಬತ್ತುವುದಿಲ್ಲ ಅಂತ ಹಿಗ್ಗಿದ್ದೆವು ನಾವು.

ಮಧ್ಯಾಹ್ನ ಕುಮರಕಂನಿಂದ ಒಂದು ಬಾಡಿಗೆ ಬೋಟಿನಲ್ಲಿ ಮುಹಮ್ಮದ ಕಡೆಗೆ ಹೊರಟೆವು. ವೇಂಬನಾಡು ಕಾಯಲ್‌ನ, ಅಂದರೆ ಹಿನ್ನೀರಿನ, ಆಚೆ ದಡದ ಊರು ಮುಹಮ್ಮ. ಕಾಯಲ್ ತಲುಪುವುದಕ್ಕೆ ಮುಂಚೆಯೇ ಕಾಲುವೆಯಲ್ಲಿ ಬೋಟು ಕೆಮ್ಮಿತು. ಪ್ರೊಪೆಲ್ಲರ್‌ಗೆ ಪೋಳ ಸುತ್ತಿಕೊಂಡಿತ್ತು. ಬೋಟಿನ ಹುಡುಗ ಬಾಯಲ್ಲಿ ಚಾಕು ಕಚ್ಚಿಕೊಂಡು ನೀರಿಗಿಳಿದ. ಹತ್ತು ನಿಮಿಷಕ್ಕೆ ಬಿಡಿಸಿದ. ಐವತ್ತು ಮೀಟರ್ ಹೋಯಿತು, ಮತ್ತೆ ಕೆಮ್ಮಿತು. ಹೀಗೆ ನಾಲ್ಕು ಸಲ. ಬಿಸಿಲು, ಸೊಳ್ಳೆ, ಕೊಳೆತ ವಾಸನೆ. ಗದ್ದೆ ಸಿದ್ಧ ಮಾಡುವಾಗ ಒಳಗಿನ ಪೋಳವನ್ನು ಕಾಲುವೆಗೆ ನೂಕುತ್ತಾರಂತೆ, ಈ ದಿನಗಳಲ್ಲಿ ಜಾಸ್ತಿಯಂತೆ. ಒಂದು ಹಾಸಿನ ಮೇಲೆ ಕೊಕ್ಕರೆ ನಡೆದುಕೊಂಡು ಹೋಯಿತು, ನಮಗಿಂತ ಬೇಗ. ಕಾಯಲ್ ತಲುಪಿದಾಗ ಗಾಳಿ ಬಂತು, ತಲೆನೋವು ಬಿಟ್ಟಿತು.

ಐದನೇ ದಿನ: ಬಾಗಿಲು ಮತ್ತು ಜೀರುಂಡೆ

ಮುಹಮ್ಮದಿಂದ ತಣ್ಣೀರ್‌ಮುಕ್ಕಂಗೆ ಆಟೋದಲ್ಲಿ ಹೋದೆವು. ಕಾಯಲ್‌ಗೆ ಅಡ್ಡ ಕಟ್ಟಿದ ಒಡ್ಡು ಅದು. ಒಂದು ಕಿಲೋಮೀಟರಿಗೂ ಉದ್ದ. ಮೇಲೆ ರಸ್ತೆ, ಕೆಳಗೆ 90 ಷಟರ್. ಉತ್ತರಕ್ಕೆ ಕೊಚ್ಚಿ, ಸಮುದ್ರ. ದಕ್ಷಿಣಕ್ಕೆ ಕುಟ್ಟನಾಡು.

ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಈ ಬೇಸಾಯಕ್ಕೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮನ್ನಣೆಯೂ ಸಿಕ್ಕಿತು. ಬೇಸಿಗೆಯಲ್ಲಿ ಹೊಳೆಗಳ ನೀರು ಇಳಿದರೆ ಸಮುದ್ರದ ಉಪ್ಪು ಒಳಕ್ಕೆ ಬರುತ್ತದೆ, ಭತ್ತ ಹಾಳಾಗುತ್ತದೆ. ಅದನ್ನು ತಡೆಯಲು 1970ರ ದಶಕದ ಮಧ್ಯದಲ್ಲಿ ಈ ಒಡ್ಡು ಮುಗಿಸಿದರು. ಡಿಸೆಂಬರ್ ನಡುವಿನಿಂದ ಸುಮಾರು ಮೂರು ತಿಂಗಳು ಷಟರ್ ಇಳಿಸುತ್ತಾರೆ. ಭತ್ತ ಉಳಿಯಿತು. ಜೊತೆಗೆ ಪೋಳವೂ ಉಳಿಯಿತು.

ಪೋಳಕ್ಕೆ ಉಪ್ಪು ಆಗುವುದಿಲ್ಲ. ಸಮುದ್ರದ ನೀರಿನ ಐದನೇ ಒಂದು ಭಾಗದಷ್ಟು ಉಪ್ಪಿದ್ದರೂ ಅದು ಬದುಕುವುದು ಕಷ್ಟ. ಮೊದಲು ಪ್ರತಿ ಬೇಸಿಗೆ ಉಪ್ಪು ಬಂದು ಕಾಯಲ್ ಅನ್ನು ತೊಳೆದು ಹೋಗುತ್ತಿತ್ತು. ನಮ್ಮ ಕೆರೆಗೆ ಬೇಸಿಗೆ ಏನಾಗಿತ್ತೋ ಇಲ್ಲಿಗೆ ಉಪ್ಪು ಅದಾಗಿತ್ತು. ಒಡ್ಡಿನ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುವಾಗ ಮೀನು ಹಿಡಿಯುವವರೊಬ್ಬರು ಷಟರ್ ಬೇಗ ಎತ್ತಬೇಕು ಅಂದರು. ಪಕ್ಕದ ಬೆಂಚಿನ ಗದ್ದೆಯವರು ಬೈದರು. ಇದು ದಿನಾ ನಡೆಯುವ ಜಗಳ ಅಂತ ಅಂಗಡಿಯವನ ಮುಖ ಹೇಳುತ್ತಿತ್ತು. ಇಬ್ಬರದೂ ಸರಿ ಇತ್ತು. ನಾನು ಚಹಾ ಮುಗಿಸಿ ಎದ್ದೆ.

ಮಧ್ಯಾಹ್ನದ ಕೆಲಸ ಜೀರುಂಡೆ ಹುಡುಕುವುದು. ಆಲಪ್ಪುಳದ ದಾರಿಯಲ್ಲಿ ಗದ್ದೆ ಪಕ್ಕದ ಒಂದು ಹಳ್ಳದಲ್ಲಿ ಸಾಲ್ವಿನಿಯಾ ಕಂಡಿತು. ಆಟೋ ನಿಲ್ಲಿಸಿ ಇಳಿದೆ. ಒಂದು ಗಿಡ ಎತ್ತಿ ಹುಡುಗನಿಗೆ ತೋರಿಸಿದೆ. ಇದು ಹೂ ಬಿಡುವ ಗಿಡವೇ ಅಲ್ಲ, ಜರಿಗಿಡದ ಜಾತಿ. ಬೇರು ಇಲ್ಲ. ಬೇರಿನ ಹಾಗೆ ಜೋತಾಡುವುದು ನೀರೊಳಗಿನ ಎಲೆ. ಮೇಲಿನ ಎಲೆಯ ತುಂಬಾ ಕೂದಲು. ಒಂದೊಂದು ಕೂದಲಿನ ತುದಿಯೂ ಮೊಟ್ಟೆ ಕಲಸುವ ಕಡ್ಡಿಯ ಹಾಗೆ ಬಾಗಿ ಸೇರಿಕೊಂಡಿರುತ್ತದೆ. ನೀರು ಹಾಕಿದರೆ ಉರುಳಿ ಹೋಗುತ್ತದೆ. ಜಾಗ ಇದ್ದಾಗ ಎಲೆ ಚಪ್ಪಟೆ, ಇಕ್ಕಟ್ಟಾದಾಗ ಪುಸ್ತಕದ ಹಾಗೆ ಮಡಚಿ ನಿಲ್ಲುತ್ತದೆ. ಒಂದರ ಮೇಲೊಂದು ಹತ್ತಿ ಒಂದು ಅಡಿಗೂ ಮೀರಿ ದಪ್ಪವಾಗುತ್ತದೆ.

ಇದಕ್ಕೆ ಮಕ್ಕಳಾಗುವುದಿಲ್ಲ. ವರ್ಣತಂತುಗಳ ಐದು ಸೆಟ್ ಇರುವುದರಿಂದ ಗಿಡ ಬಂಜೆ. ಮುರಿದ ಚೂರೇ ಮುಂದಿನ ಪೀಳಿಗೆ. ಹಿತವಾದ ನೀರಿನಲ್ಲಿ ಮೂರು ದಿನಕ್ಕೆ ಎರಡರಷ್ಟಾಗಬಲ್ಲದು.

ಭೂತಗನ್ನಡಿ ತಂದಿದ್ದೆ. ಎಳೆ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿದೆ. ಅರ್ಧ ಗಂಟೆ ಏನೂ ಇಲ್ಲ. ಆಟೋದವನು ಮೀಟರ್ ಕಡೆ ನೋಡುತ್ತಿದ್ದ. ಆಮೇಲೆ ಕಂದು ತಿರುಗಿದ ಒಂದು ತೇಪೆ ಸಿಕ್ಕಿತು. ಮೊಗ್ಗುಗಳ ತುದಿ ಕಡಿದಿತ್ತು. ದಂಟು ಸೀಳಿದರೆ ಒಳಗೆ ಸುರಂಗ. ಮರಿಹುಳು ಕೊರೆದ ದಾರಿ ಅದು. ಹುಡುಗನೇ ಕಂಡುಹಿಡಿದ: "ಚಿಕ್ಕಮ್ಮ, ಎಳ್ಳು ನಡೀತಿದೆ!" ಎಲೆಯ ಕೂದಲ ಕಾಡಿನಲ್ಲಿ ಕಪ್ಪು ಎಳ್ಳಿನಂಥದ್ದು ಮೆಲ್ಲಗೆ ಹತ್ತುತ್ತಿತ್ತು.

ಈ ಎಳ್ಳು ಭಾರತಕ್ಕೆ ಬಂದಿದ್ದು ಆಸ್ಟ್ರೇಲಿಯಾದಿಂದ, 1980ರ ದಶಕದ ಶುರುವಿನಲ್ಲಿ. 1983-84ರಲ್ಲಿ ನಮ್ಮ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ಕೊಳವನ್ನು ಸಾಲ್ವಿನಿಯಾ ಮುಚ್ಚಿ ನೈದಿಲೆ ಸೊರಗಿತ್ತು. 11 ತಿಂಗಳಲ್ಲಿ ಕಳೆ ಕುಸಿಯಿತು. ನೈದಿಲೆ ಮತ್ತೆ ಎದ್ದಿತು. ಇದನ್ನು ಎಷ್ಟು ಸಲ ಓದಿದರೂ ನನಗೆ ಬೇಸರವಿಲ್ಲ. ಕೇರಳದಲ್ಲಿ ತ್ರಿಶ್ಶೂರಿನ ಕೃಷಿ ವಿಶ್ವವಿದ್ಯಾಲಯದವರು ಬಿಟ್ಟರು. ಆ ದಶಕ ಮುಗಿಯುವುದರೊಳಗೆ ಕುಟ್ಟನಾಡಿನ ಕಾಲುವೆಗಳಲ್ಲಿ ದೋಣಿ ಮತ್ತೆ ಓಡಿದವು.

ಹಾಗೆ ತೆರವಾದ ನೀರಿಗೆ ಹಲವು ಕಡೆ ಪೋಳ ಬಂದು ಕೂತಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಪೋಳಕ್ಕೂ ಬೇರೆ ಜೀರುಂಡೆಗಳಿವೆ. ಅವನ್ನೂ ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು, ಕೆಲವು ಕಡೆ ಕಳೆ ಇಳಿಯಿತು ಕೂಡ. ಆದರೆ ಚರಂಡಿ ನೀರು ಉಂಡು ಬೆಳೆಯುವ ಗಿಡದ ವೇಗಕ್ಕೆ ಹುಳದ ಹೊಟ್ಟೆ ಸಾಲದು ಅಂತ ನನ್ನ ಅಭಿಪ್ರಾಯ.

ಒಂದು ಕ್ಷಣ ಆಸೆಯಾಯಿತು. ಬೆಂಕಿಪೊಟ್ಟಣದಲ್ಲಿ ಹತ್ತು ಎಳ್ಳು ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಕೈ ಬ್ಯಾಗಿನ ಕಡೆ ಹೋಗಿತ್ತು ಅಂತ ಕಾಣುತ್ತದೆ. ಹುಡುಗ ನನ್ನನ್ನೇ ನೋಡುತ್ತಿದ್ದ.

"ನಮ್ಮೂರ ಕೆರೇಲಿ ಸಾಲ್ವಿನಿಯಾ ಇಲ್ಲ ಚಿಕ್ಕಮ್ಮ. ಉಪವಾಸ ಸಾಯುತ್ತೆ."

"ಸುಮ್ನೆ ನೋಡ್ತಿದ್ದೆ ಕಣೋ" ಅಂದೆ. ಯಜಮಾನರು ದೊಡ್ಡದಾಗಿ ನಕ್ಕರು. ಮೈಸೂರು ತಲುಪುವವರೆಗೂ ಬಿಡಲಿಲ್ಲ ಆ ಮಾತನ್ನು.

ಆರನೇ ದಿನ: ಮನೆ

ಎರ್ನಾಕುಳಂನಿಂದ ರಾತ್ರಿ ರೈಲು, ಬೆಂಗಳೂರಿನಲ್ಲಿ ಬದಲಾಯಿಸಿ ಮೈಸೂರು. ಮಧ್ಯಾಹ್ನ ಬಟ್ಟೆ ಒಗೆಯಲು ಬ್ಯಾಗು ಬಿಚ್ಚಿದೆ. ಹಳ್ಳದ ಪಕ್ಕ ಕೂರಲು ಹಾಸಿದ್ದ ಟವೆಲ್ ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರಿನಲ್ಲಿತ್ತು. ಕೊಡವಿದರೆ ನೆಲದ ಮೇಲೆ ಏನೋ ಬಿತ್ತು. ಮಡಚಿದ ಎರಡು ಎಲೆ, ಒಂದು ಮೊಗ್ಗು. ಕೇರಳದಿಂದ ಹೊರಟು ಒಂದು ದಿನ ಆಗಿತ್ತು. ಮೊಗ್ಗು ಹಚ್ಚ ಹಸಿರಾಗಿತ್ತು.

ಹುಡುಗನನ್ನು ಕರೆದೆ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ತಾರಸಿಯ ಮೇಲೆ ಪೇಪರ್ ಹಾಸಿ ಬಿಸಿಲಿಗೆ ಇಟ್ಟೆವು. ಸಂಜೆ ಹೋಗಿ ನೋಡಿದರೆ ಎಲೆ ಕಂದಾಗಿ ಸುರುಟಿತ್ತು. ಮೊಗ್ಗಿನ ನಡುವೆ ಮಾತ್ರ ಸಾಸಿವೆ ಕಾಳಷ್ಟು ಹಸಿರು ಇನ್ನೂ ಇತ್ತು.

"ಇನ್ನೊಂದು ದಿನ ಇಡೋಣ್ವಾ?" ಅಂದ.

ನಾನು ಅದನ್ನು ಅಡುಗೆಮನೆಗೆ ತಂದು, ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯ ಉರಿಗೆ ಒಡ್ಡಿದೆ. ಸಣ್ಣದಾಗಿ ಚಟ್ ಅಂದಿತು. ಹುಡುಗ ಹಿತ್ತಲಿಗೆ ಹೋಗಿ ಮೋರಿಯನ್ನು ಬಗ್ಗಿ ನೋಡುತ್ತಿದ್ದ.